ಹಿತ್ತಿಲ ಜಗಲಿಯ ಮೂರು ದಿನ

ಹೊಂಗನೂರಿನ ಆ ಬೀದಿಯಲ್ಲಿ ಗಂಟಿಲ್ಲದ ರಾಗಿ ಮುದ್ದೆ ಮಾಡುವವರು ಯಾರು ಎಂದು ಕೇಳಿದರೆ ಹೆಂಗಸರೇ ಒಪ್ಪಿಕೊಂಡು ಹೇಳುವ ಹೆಸರು ದಾಸಪ್ಪನದು. ಎಂಬತ್ತರ ಹತ್ತಿರದ ಮುದುಕ. ಹೆಂಡತಿ ಜವರಮ್ಮ ಹೋದ ಮೇಲೆ ವಿಧಿಯಿಲ್ಲದೆ ಕಲಿತದ್ದಲ್ಲ, ಆಕೆ ಗಟ್ಟಿಮುಟ್ಟಾಗಿದ್ದಾಗಲೇ ಅವನು ಮುದ್ದೆ ಕೋಲು ಹಿಡಿಯುತ್ತಿದ್ದ. ಯಾಕೆ ಎಂದು ಕಿರಿಯರಲ್ಲಿ ಯಾರೂ ಕೇಳಿರಲಿಲ್ಲ. ಪಕ್ಕದ ಮನೆಯ ಮನೋಹರನಿಗಂತೂ ಇದು ಕೆಲವರಿಗೆ ಬರುವ ಒಂದು ತರದ ಕಾಯಿಲೆ, ತನಗೆ ಬರದಿದ್ದರೆ ಸಾಕು ಎನ್ನಿಸಿತ್ತು.

ಮನೋಹರನ ಮನೆಯಲ್ಲಿ ಕೋಲು ಅವನ ಹೆಂಡತಿ ಲತಾಮಣಿಯ ಕೈಯಲ್ಲಿತ್ತು. ಹಸುವಿನ ಹಗ್ಗ, ನೀರಿನ ಬಿಂದಿಗೆ, ರೇಷ್ಮೆ ಹುಳುವಿನ ಸೊಪ್ಪಿನ ಹೊರೆ, ಅತ್ತೆ ಮಾಯಮ್ಮನ ಮಾತ್ರೆ ಡಬ್ಬಿ ಎಲ್ಲವೂ ಅದೇ ಕೈಯಲ್ಲಿ. ಮನೆಯ ಹಿಂದೆ ಶೀಟು ಹೊದಿಸಿದ ಹುಳು ಮನೆ. ಅದರಾಚೆ ಹಿತ್ತಿಲು, ಒಂದು ಹೊಂಗೆ ಮರ, ಮರದ ಬುಡಕ್ಕೆ ಸವೆದು ನುಣುಪಾದ ಕಲ್ಲು ಜಗಲಿ. ತಿಂಗಳಲ್ಲಿ ಮೂರು ದಿನ ಲತಾಮಣಿ ಆ ಜಗಲಿಯ ಮೇಲೆ ಚಾಪೆ ಹಾಸಿಕೊಂಡು ಇರುತ್ತಿದ್ದಳು. ಮುಟ್ಟಾದ ಹೆಂಗಸು ಹುಳು ಮನೆಗೆ ಕಾಲಿಟ್ಟರೆ ಹುಳುವಿಗೆ ರೋಗ ತಗಲುತ್ತದೆ ಎಂಬುದು ಆ ಮನೆಯ ಹಳೆಯ ಕಾಯಿದೆ. ಅಡುಗೆ ಮನೆಗೂ ಅದೇ ಕಾಯಿದೆ. "ಹೊರಗಾಗಿದ್ದೀನಿ" ಎಂದರೆ ಮುಗಿಯಿತು, ಮುಂದಿನ ಪ್ರಶ್ನೆಯನ್ನು ಗಂಡಸು ಕೇಳುವುದಿಲ್ಲ. ಹೊರಗೆ ಇದ್ದಷ್ಟು ದಿನ ಹೊರೆಯೂ ಇಲ್ಲ.

ಈ ಕಾಯಿದೆಯನ್ನು ಮುರಿದವಳು ಮಗಳು ಧನುಶ್ರೀ.

ಧನುಶ್ರೀ ರಾಮನಗರದಲ್ಲಿ ಎಂ.ಎ. ಎರಡನೇ ವರ್ಷದಲ್ಲಿದ್ದಳು. ಓದಿನಷ್ಟೇ ಚೆನ್ನಾಗಿ ಅವಳಿಗೆ ಅಣಕು ಬರುತ್ತಿತ್ತು. ಚನ್ನಪಟ್ಟಣದ ಬಸ್ಸಿನ ಕಂಡಕ್ಟರ್, ರೇಷ್ಮೆ ಗೂಡಿನ ಮಾರುಕಟ್ಟೆಯ ಮೈಕು, ದೇವರ ಮುಂದೆ ಅಜ್ಜಿಯ ಗೊಣಗಾಟ ಯಾವುದನ್ನೂ ಬಿಡುತ್ತಿರಲಿಲ್ಲ. ಅಪ್ಪನದಂತೂ ಅವಳಿಗೆ ಬಾಯಿಪಾಠ. ಯಾವ ತೊಂದರೆ ಬಂದರೂ ಮನೋಹರ ಒಂದು ಕೈ ಸೊಂಟಕ್ಕಿಟ್ಟು, ಇನ್ನೊಂದು ಕೈಯಲ್ಲಿ ಗಾಳಿಯನ್ನು ಸವರಿ, "ಒಸಿ ಅಡ್ಜಸ್ಟ್ ಮಾಡ್ಕೊಳಿ" ಎನ್ನುತ್ತಿದ್ದ. ಅವನು ಅಡ್ಜಸ್ಟ್ ಮಾಡಿಕೊಂಡದ್ದನ್ನು ಮಾತ್ರ ಕಂಡವರಿರಲಿಲ್ಲ.

ಚಳಿಗಾಲದ ಬೆಳೆಗೆ ಎಳೆ ಹುಳು ತಂದ ರಾತ್ರಿ ಊಟಕ್ಕೆ ಕೂತಾಗ ಮನೋಹರ ಎಂದಿನಂತೆ ಸಾರಿದ: ನಾಳೆಯಿಂದ ಎಲ್ಲರೂ ಹುಷಾರಾಗಿರಬೇಕು, ಹೊರಗಾದವರು ಹುಳು ಮನೆ ಕಡೆ ತಲೆ ಹಾಕಬಾರದು, ಹೋದ ಬೆಳೆಯಲ್ಲಿ ಎಂಥ ಗೂಡು ಬಂತು, ಮಡಿಯಲ್ಲಿ ಇದ್ದದ್ದಕ್ಕೇ ಬಂತು.

"ಹೋದ ಬೆಳೇಲಿ ನಾಲ್ಕನೇ ಜ್ವರ ಎದ್ದಾಗ ಸೊಪ್ಪು ಹಾಕಿದ್ದು ಯಾರಪ್ಪಾ?" ಎಂದಳು ಧನುಶ್ರೀ. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ.

"ನೀನೇ ಅಲ್ವಾ. ಕಾಲೇಜಿಗೆ ರಜ ಇತ್ತಲ್ಲ."

"ಆವಾಗ ನಾನು ಹೊರಗಾಗಿದ್ದೆ. ಎರಡನೇ ದಿನ."

ಮನೋಹರನ ಕೈಯಲ್ಲಿದ್ದ ತುತ್ತು ಸಾರಿಗೆ ಇಳಿದದ್ದು ಮೇಲೆ ಬರಲಿಲ್ಲ. ಮಾಯಮ್ಮ ತಟ್ಟೆಯಿಂದ ಮುಖ ಎತ್ತಿ ಮೊಮ್ಮಗಳನ್ನು ನೋಡಿದಳು. ಬಡಿಸುತ್ತಿದ್ದ ಲತಾಮಣಿಯ ಸೌಟು ಪಾತ್ರೆಯ ಅಂಚಿಗೆ ತಾಗಿ ಅಲ್ಲೇ ನಿಂತಿತು.

ಮೊದಲು ಬೈಗುಳ ಬಂತು. ಆಮೇಲೆ ಯೋಚನೆ ಬಂತು. ಹೋದ ಬೆಳೆ ಚೆನ್ನಾಗಿ ಬಂದದ್ದಂತೂ ನಿಜ. ಅದಕ್ಕಿಂತ ಮುಖ್ಯವಾಗಿ, ಹೆಂಡತಿ ಜಗಲಿ ಸೇರಿದ ದಿನಗಳಲ್ಲಿ ಸೊಪ್ಪು ಕೊಯ್ಯಲು ಆಳು ಹುಡುಕಿ ಹುಡುಕಿ ಅವನು ಸುಸ್ತಾಗಿದ್ದ. ಆಳುಗಳೆಲ್ಲ ಬೆಳಗಾದರೆ ಹೆದ್ದಾರಿ ಕಡೆಯ ಫ್ಯಾಕ್ಟರಿ ವ್ಯಾನು ಹತ್ತುತ್ತಿದ್ದರು. ಕೈ ತೊಳೆಯುವಷ್ಟರಲ್ಲಿ ಮನೋಹರ ಹೊಸ ಮನುಷ್ಯನಾಗಿದ್ದ. "ಆಯ್ತು ಬುಡು. ನಾನೇನು ಹಳೇ ಕಾಲದವ್ನಾ? ಇನ್ಮೇಲೆ ಈ ಮನೇಲಿ ಒಳಗೂ ಇಲ್ಲ, ಹೊರಗೂ ಇಲ್ಲ" ಎಂದ.

ಧನುಶ್ರೀ ಗೆದ್ದ ಖುಷಿಯಲ್ಲಿ ಅಮ್ಮನ ಕಡೆ ನೋಡಿದಳು. ಲತಾಮಣಿ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿಯಾಗಿತ್ತು. ಮಾಯಮ್ಮ ಮಾತ್ರ, "ಗೆದ್ದೆ ಕಣವ್ವ" ಎಂದಳು. ಆ ದನಿಯನ್ನು ಅಣಕಿಸಲು ಧನುಶ್ರೀಗೆ ಬರಲಿಲ್ಲ, ಅದರಲ್ಲಿ ಏನಿತ್ತೆಂದೇ ತಿಳಿಯಲಿಲ್ಲ.

ಮರುದಿನದಿಂದ ಮನೋಹರ ಟೀ ಅಂಗಡಿಯಲ್ಲಿ ಕೂತು, "ನಮ್ಮನೇಲಿ ಆ ಮೂಢನಂಬಿಕೆ ಎಲ್ಲಾ ತೆಗ್ದಾಕ್ಬುಟ್ವಿ ಕಣ್ಲಾ" ಎನ್ನತೊಡಗಿದ. ಧನುಶ್ರೀ ಬಸ್ಸಿನಲ್ಲಿ ಅದನ್ನು ಮೀಸೆ ಸಮೇತ ಮಾಡಿ ತೋರಿಸಿದಾಗ ಅಸ್ರಾ ದುಪಟ್ಟಾ ಬಾಯಿಗೆ ಒತ್ತಿಕೊಂಡು ನಕ್ಕಳು. ಅಸ್ರಾ ಚನ್ನಪಟ್ಟಣದಲ್ಲಿ ಹತ್ತುತ್ತಿದ್ದ ಸಹಪಾಠಿ. ಅವರ ಮನೆಯಲ್ಲಿ ಗೂಡಿನಿಂದ ನೂಲು ಬಿಚ್ಚುವ ಕೆಲಸ.

ಇಬ್ಬರೂ ವರ್ಷದ ಕೊನೆಗೆ ಒಂದೊಂದು ಪ್ರಬಂಧ ಒಪ್ಪಿಸಬೇಕಿತ್ತು. ಧನುಶ್ರೀಯದು ಸ್ತ್ರೀವಾದಿ ಚಳವಳಿಯ ಆಮೂಲಾಗ್ರ ಧಾರೆಗಳ ಚರಿತ್ರೆ. ಅಂದರೆ ಕಾನೂನಿನಲ್ಲಿ ಒಂದು ಸಾಲು ತಿದ್ದಿದರೆ ಸಾಲದು, ಯಜಮಾನಿಕೆಯ ಬೇರು ಮನೆಯೊಳಗೇ ಇದೆ, ಅಡುಗೆ ಮನೆಯಲ್ಲೂ ಹಾಸಿಗೆಯಲ್ಲೂ ಇದೆ, ಅಗೆಯಬೇಕಾದದ್ದು ಅಲ್ಲಿ ಎಂದವರ ಕಥೆ. ಆ ಹೆಂಗಸರೆಂದರೆ ಅವಳಿಗೆ ಪ್ರಾಣ. ಕ್ರಾಂತಿ ಮಾಡುತ್ತೇವೆಂದ ಗಂಡಸರ ಸಭೆಯಲ್ಲೂ ಟೀ ಕಾಯಿಸುವುದು ತಮ್ಮ ಪಾಲಿಗೇ ಬಂತೆಂದು ಎದ್ದು ಹೊರನಡೆದವರು, ಮನೆಗೆಲಸಕ್ಕೆ ಕೂಲಿ ಕೊಡಿ ಎಂದು ಬೀದಿಯಲ್ಲಿ ಕೇಳಿ ನಗೆಪಾಟಲಿಗೆ ಈಡಾದವರು, ನಕ್ಕವರಿಗೂ ನಾಳೆ ಮತ್ತೆ ಬರುತ್ತೇವೆ ಎಂದವರು. "ಕೆಲವರು ಬೇರಿಗೆ ಹೋದರು, ಕೆಲವರು ಬೇರೆ ಹೋದರು" ಎಂದು ಅವಳು ಅಸ್ರಾಗೆ ಸಾರಾಂಶ ಹೇಳಿದಳು. ಗಂಡಸರ ಸಹವಾಸವೇ ಬೇಡವೆಂದು ತಾವೇ ಮನೆ ಮಾಡಿಕೊಂಡವರೂ ಅದರಲ್ಲಿ ಇದ್ದರು. ಇದನ್ನು ಒಮ್ಮೆ ಮನೆಯಲ್ಲಿ ಹೇಳಿದ್ದಕ್ಕೆ ಮಾಯಮ್ಮ, ಬೇರೆ ಹೋಗುವಾಗ ಜಮೀನಿನಲ್ಲಿ ಭಾಗ ಕೇಳಿದರೋ ಇಲ್ಲವೋ ಎಂದು ವಿಚಾರಿಸಿದ್ದಳು.

ಪ್ರಬಂಧ ನೋಡಿದ ಮೇಡಂ ಮೆಚ್ಚಿದ್ದರು, ಆದರೆ ಒಂದು ತಕರಾರು ಇತ್ತು. ಧನುಶ್ರೀ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದಂತೆ ನಟಿಸಿ ಅದನ್ನು ಒಪ್ಪಿಸಿದಳು: "ಎಲ್ಲಾ ನ್ಯೂಯಾರ್ಕು, ಲಂಡನ್ನು, ಡೆಲ್ಲಿ. ಚನ್ನಪಟ್ಟಣ ತಾಲ್ಲೂಕಿನಲ್ಲಿ ಹೆಂಗಸರೇ ಇಲ್ಲವೇನಮ್ಮಾ?"

"ಇದ್ದಾರಲ್ಲ, ನೀನು" ಎಂದಳು ಅಸ್ರಾ. "ಮೂರು ದಿನದ ಕಾಯ್ದೆ ಕಿತ್ತಾಕಿದ್ದು ಬರಿ."

ಧನುಶ್ರೀ ಬರೆದೂ ಬಿಟ್ಟಳು.

ಎರಡನೇ ವಾರ ಲತಾಮಣಿ ಹೊರಗಾದಳು. ಆದರೆ ಈಗ ಹೊರಗೆಂಬುದು ಇರಲಿಲ್ಲ. ಬೆಳಗಿನ ಮಂಜಿನಲ್ಲಿ ತೋಟಕ್ಕೆ ಹೋಗಿ ಸೊಪ್ಪಿನ ಕಡ್ಡಿ ಕೊಯ್ದು, ಹೊರೆ ಹೊತ್ತು ತಂದು ಹುಳುವಿಗೆ ಹಾಕಿ, ಅಡುಗೆ ಮಾಡಿ, ಮತ್ತೆ ತೋಟಕ್ಕೆ ಹೋದಳು. ಮಧ್ಯಾಹ್ನ ಹೊಟ್ಟೆ ಹಿಡಿದುಕೊಂಡು ಹುಳು ಮನೆಯ ಬಾಗಿಲಲ್ಲಿ ಕುಳಿತದ್ದನ್ನು ಕಂಡು ಮನೋಹರ ಕೈಯಲ್ಲಿ ಗಾಳಿ ಸವರಿದ: "ಒಸಿ ಅಡ್ಜಸ್ಟ್ ಮಾಡ್ಕೊ ಲತಾ. ಮೂರನೇ ಜ್ವರ ಎದ್ದವೆ, ಹಸ್ದವೆ."

ಆ ವಾರ ಲತಾಮಣಿ ಮಗಳ ಜೊತೆ ಮಾತು ಬಿಟ್ಟಳು. ಜಗಳವಿಲ್ಲ, ಬೈಗುಳವಿಲ್ಲ. ತಟ್ಟೆಗೆ ಮುದ್ದೆ ಬೀಳುತ್ತಿತ್ತು, ಸಾರು ಬೀಳುತ್ತಿತ್ತು, ಕಣ್ಣು ಮಾತ್ರ ಬೀಳುತ್ತಿರಲಿಲ್ಲ. ಧನುಶ್ರೀ ಎರಡು ದಿನ ತಮಾಷೆ ಮಾಡಿ ನೋಡಿದಳು. ಮೂರನೆಯ ದಿನ ಪಾತ್ರೆ ತೊಳೆಯುವಾಗ ಅಮ್ಮನ ಪಕ್ಕ ಕೂತು, ನಾನೇನು ತಪ್ಪು ಮಾಡಿದೆ ಎಂದು ಕೇಳಿದಳು. ಮೈಲಿಗೆ ಎಂದು ದೂರ ಇಡುತ್ತಿದ್ದರು, ಅದು ಅವಮಾನವಲ್ಲವೇ, ಅದನ್ನು ತಪ್ಪಿಸಿದ್ದು ನಿನಗೆ ಬೇಡವಾಯಿತೇ?

ಲತಾಮಣಿ ಬೂದಿ ಹತ್ತಿದ ಕೈಯನ್ನು ಹಾಗೇ ಹಿಡಿದು ಮಗಳನ್ನು ನೋಡಿದಳು.

"ಅವಮಾನ ಅಂತ ನಂಗೂ ಗೊತ್ತಿತ್ತು. ಆದ್ರೆ ಆ ಜಗಲೀಲಿ ನಾನು ಕಾಲು ನೀಡ್ತಿದ್ದೆ ಕಣೆ. ಒಂದು ವಾರಪತ್ರಿಕೆ ಓದ್ತಿದ್ದೆ. ನಿಮ್ಮಜ್ಜಿ ಬಿಸಿ ಮುದ್ದೆ ತಂದು ಮುಂದಿಡೋರು. ಮದ್ವೆ ಆಗಿ ಬಂದಾಗಿಂದ ನಾನು ಬಿಸಿ ಮುದ್ದೆ ತಿಂದಿದ್ದು ಆ ಮೂರು ದಿನಾನೇ. ಮಿಕ್ಕ ದಿನ ಎಲ್ರಿಗೂ ಬಡ್ಸಿ ನಾನು ಕೂರೋ ಹೊತ್ಗೆ ಆರಿರ್ತದೆ. ಅವಮಾನ ತೆಗ್ದೆ, ಸರಿ. ಅದ್ರ ಜೊತೆ ನನ್ನ ಮೂರು ದಿನಾನೂ ತಕೊಂಡೋದೆ."

ನಲ್ಲಿಯ ನೀರು ಹರಿಯುತ್ತಲೇ ಇತ್ತು. ನಿಲ್ಲಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

ಧನುಶ್ರೀ ಸುಮ್ಮನೆ ಕೂರುವ ಹುಡುಗಿಯಲ್ಲ. ಅಂದೇ ಅಪ್ಪನ ಹತ್ತಿರ ಹೋಗಿ, ಅಮ್ಮನಿಗೆ ತಿಂಗಳಲ್ಲಿ ಮೂರು ದಿನ ಬಿಡುವು ಕೊಡಬೇಕು, ಆ ಮೂರು ದಿನ ಅಡುಗೆ ಮತ್ತು ಹುಳು ನಾವಿಬ್ಬರು ನೋಡಿಕೊಳ್ಳೋಣ ಎಂದಳು. ಮನೋಹರ ನಕ್ಕ. ಹಳೇ ಪದ್ಧತಿ ಬೇಡ ಎಂದವಳು ನೀನೇ, ಈಗ ಬೇಕು ಎನ್ನುವವಳೂ ನೀನೇ ಎಂದ.

"ಪದ್ಧತಿ ಬ್ಯಾಡ, ಬಿಡುವು ಬೇಕು."

"ಹುಳ ಸಾಕೋ ಮನೇಲಿ ರಜ ಅಂದ್ರೆ ಹೆಂಗಮ್ಮಿ? ಹುಳಕ್ಕೆ ರಜ ಐತಾ?"

"ಐತಲ್ಲಪ್ಪಾ. ನಾಕು ಸತಿ ಜ್ವರ ಅಂತ ಮಲಗ್ತಾವೆ. ಆವಾಗ ಯಾರೂ ಮುಟ್ಟಂಗಿಲ್ಲ, ಏಳ್ಸಂಗಿಲ್ಲ, ಜೋರಾಗಿ ಮಾತೂ ಆಡ್ಬೇಡಿ ಅಂತ ನೀನೇ ಬಾಗ್ಲಲ್ಲಿ ನಿಂತ್ಕಂತೀಯ."

ಮನೋಹರನ ಕೈ ಸೊಂಟಕ್ಕೆ ಹೋಯಿತು. ಮುಂದೆ ಬರಬೇಕಾದ ಮಾತನ್ನು ಅವನು ಬಾಯಿ ತೆರೆಯುವ ಮೊದಲೇ ಮಗಳು ಆಡಿ ತೋರಿಸಿದಳು. ಅವನು ಬೈದುಕೊಂಡು ತೋಟದ ಕಡೆ ಹೋದ.

ಮುಂದಿನ ಭಾನುವಾರ ಸಂಜೆ ಅಸ್ರಾ ಬಂದಿದ್ದಳು. ಅವರೆಕಾಯಿಯ ಕಾಲ. ನೆನೆಸಿದ ಅವರೆಕಾಳನ್ನು ನಡುವೆ ಇಟ್ಟುಕೊಂಡು ಮಾಯಮ್ಮ, ಲತಾಮಣಿ, ಧನುಶ್ರೀ, ಅಸ್ರಾ ನಾಲ್ವರೂ ಸಿಪ್ಪೆಯಿಂದ ಕಾಳು ಹಿತುಕುತ್ತ ಕೂತರು. ಮಾತಿಲ್ಲದೆ ಆಗುವ ಕೆಲಸವಲ್ಲ ಅದು. ಪ್ರಬಂಧ ಎಲ್ಲಿಗೆ ಬಂತು ಎಂದು ಅಸ್ರಾ ಕೇಳಿದಳು. ಧನುಶ್ರೀ ಮುಖ ಸಣ್ಣದು ಮಾಡಿ, ಚನ್ನಪಟ್ಟಣದ ಉದಾಹರಣೆಯನ್ನು ಹೊಡೆದು ಹಾಕಿದ್ದೇನೆ ಎಂದಳು. ಆಮೇಲೆ ಅಜ್ಜಿಗಾಗಿ ಉಳಿದ ಕಥೆ ಹೇಳಿದಳು. ಅರವತ್ತು ಎಪ್ಪತ್ತರ ದಶಕದಲ್ಲಿ ದೂರದ ಊರುಗಳಲ್ಲಿ ಹೆಂಗಸರು ಯಾರಾದರೊಬ್ಬರ ಮನೆಯಲ್ಲಿ ದುಂಡಗೆ ಕೂತು, ಗಂಡನ ಬಗ್ಗೆ, ಮೈಯ ಬಗ್ಗೆ, ಎಲ್ಲೂ ಆಡದ ಮಾತನ್ನು ಒಬ್ಬೊಬ್ಬರಾಗಿ ಆಡುತ್ತಿದ್ದರಂತೆ. ಆಡಿ ಮುಗಿಸಿದಾಗ, ತನ್ನೊಬ್ಬಳದೇ ಕರ್ಮ ಎಂದುಕೊಂಡದ್ದು ಎಲ್ಲರ ಮನೆಯಲ್ಲೂ ಇದೆ ಎಂದು ತಿಳಿಯುತ್ತಿತ್ತಂತೆ.

"ಅವರೂ ಅವರೆ ಹಿತುಕ್ತಿದ್ರಾ?" ಎಂದಳು ಮಾಯಮ್ಮ.

ನಗು ಇಳಿದ ಮೇಲೆ ಧನುಶ್ರೀ ಐಸ್‌ಲ್ಯಾಂಡಿನ ಕಥೆ ತೆಗೆದಳು. ಎಪ್ಪತ್ತೈದನೇ ಇಸವಿಯಲ್ಲಿ ಆ ಚಳಿ ದೇಶದ ಹೆಂಗಸರು, ಹತ್ತರಲ್ಲಿ ಒಂಬತ್ತು ಜನ, ಒಂದು ದಿನ ಮನೆಯ ಕೆಲಸ ಕಚೇರಿಯ ಕೆಲಸ ಎರಡನ್ನೂ ಬಿಟ್ಟು ಬೀದಿಗೆ ಬಂದರು. ಗಂಡಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಆಫೀಸಿಗೆ ಹೋದರು. ಮುಷ್ಕರ ಎಂದರೆ ಕೆಲವರು ಅಂಜುತ್ತಾರೆಂದು ಅದಕ್ಕೆ ರಜ ಎಂದೇ ಹೆಸರಿಟ್ಟಿದ್ದರು.

"ಒಂದೇ ದಿನಾನಾ?" ಎಂದಳು ಮಾಯಮ್ಮ. ದನಿಯಲ್ಲಿ ಸ್ವಲ್ಪ ನಿರಾಸೆ ಇತ್ತು.

ಮೂವರ ಕೈಯೂ ನಿಂತಿತು. ಮಾಯಮ್ಮ ಮಾತ್ರ ಕಾಳು ಹಿತುಕುತ್ತಲೇ ಹೇಳಿದಳು. ಆಗ ಮನೋಹರ ಇನ್ನೂ ಚಡ್ಡಿ ಹಾಕದೆ ಓಡಾಡುತ್ತಿದ್ದ ಕಾಲ. ಬೀದಿಯ ಹಿತ್ತಿಲುಗಳಿಗೆ ಬೇಲಿ ಇರಲಿಲ್ಲ, ಹೊಂಗೆ ಮರದ ಜಗಲಿ ಎಲ್ಲ ಮನೆಗೂ ಒಂದೇ. ಹೊರಗಾದವರೆಲ್ಲ ಅಲ್ಲಿ ಸೇರುತ್ತಿದ್ದರು. ಹೊರಗಾಗದವರೂ ಸೇರುತ್ತಿದ್ದರು. ಯಾರ ಸೊಂಟ ಬಿದ್ದುಹೋಗಿದೆಯೋ, ಯಾರ ಮುಖ ಬಾಡಿದೆಯೋ, ಅವಳು ಈ ಸಲ ಹೊರಗೆ ಎಂದು ಜಗಲಿಯೇ ತೀರ್ಮಾನಿಸುತ್ತಿತ್ತು. ಗಂಡಸು ಪರೀಕ್ಷೆ ಮಾಡಲು ಬರುತ್ತಾನೆಯೇ? ಒಂದು ತಿಂಗಳು ತಾನು ಎರಡು ಸಲ ಹೊರಗಾದದ್ದೂ ಉಂಟು ಎಂದಳು ಮಾಯಮ್ಮ. ಅತ್ತೆಗೆ ಗೊತ್ತಿತ್ತು, ಅವರೂ ಅವರ ಕಾಲದಲ್ಲಿ ಆಗಿದ್ದವರೇ.

ಒಂದು ಬೆಳೆಯಲ್ಲಿ ದಾಸಪ್ಪನ ಹುಳುವಿಗೆ ಸುಣ್ಣಕಟ್ಟು ರೋಗ ಬಂತು. ಹುಳುಗಳೆಲ್ಲ ಬೆಳ್ಳಗೆ ಬಿಗಿದುಕೊಂಡು ಸತ್ತವು. ಜವರಮ್ಮ ಹೊರಗಾಗಿದ್ದಾಗ ಒಳಗೆ ಬಂದಿದ್ದಾಳೆ, ಅದಕ್ಕೇ ಹೀಗಾಯಿತು ಎಂದು ದಾಸಪ್ಪ ಕುಡುಗೋಲಿನ ಹಿಡಿಯಲ್ಲಿ ಹೊಡೆದ. ಹುಬ್ಬು ಒಡೆದ ಮುಖದಲ್ಲಿ ಜವರಮ್ಮ ಬಂದು ಜಗಲಿಯ ಮೇಲೆ ಕೂತಳು. ಮಾರನೇ ದಿನ ಬೀದಿಯ ಎಲ್ಲ ಮನೆಯ ಹೆಂಗಸರೂ ಹೊರಗಾದರು.

"ಎಲ್ರೂ ಒಟ್ಗೇ?" ಎಂದಳು ಅಸ್ರಾ.

"ಎಲ್ರೂ. ಮುಟ್ಟು ನಿಂತೋರೂ ಆದ್ರು. ಬೀದಿಯೋರೆಲ್ಲ ಒಂದೇ ದಿನ ಹುಳ ತರ್ತಿದ್ವಿ, ಎಲ್ರ ಮನೇಲೂ ಹುಳ ಹಣ್ಣಾಗೋ ಹೊತ್ತು ಬೇರೆ."

ಹುಳು ಹಣ್ಣಾಗುವುದೆಂದರೆ ಮೇವು ಬಿಟ್ಟು ಗೂಡು ಕಟ್ಟಲು ತಯಾರಾಗುವುದು. ಆಗ ಒಂದೊಂದನ್ನೂ ಕೈಯಲ್ಲಿ ಆರಿಸಿ, ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುತ್ತಿ ಹಾಳಾಗುತ್ತದೆ. ಗಂಡಸರು ಹುಳು ಆರಿಸುವುದೋ ಗಂಜಿ ಕಾಯಿಸುವುದೋ ತಿಳಿಯದೆ ಒದ್ದಾಡಿದರು. ಮೂರನೇ ದಿನ ಹಿರಿಯರೆಲ್ಲ ಹಿತ್ತಿಲಿಗೆ ಬಂದು, ಮೈಲಿಗೆಗೆ ಹೆದರಿ ದೂರದಲ್ಲೇ ನಿಂತು, ಏನು ಬೇಕು ಎಂದು ಕೂಗಿ ಕೇಳಿದರು.

"ಏನ್ ಕೇಳಿದ್ರಜ್ಜಿ?"

"ಏನಿಲ್ಲ. ದಾಸಪ್ಪ ತನ್ನ ಕೈಯಾರ ಮುದ್ದೆ ಮಾಡಿ ತಂದು ಜವರಮ್ಮನ ಮುಂದೆ ಇಡ್ಬೇಕು ಅಂದ್ವಿ. ತಂದ. ಗಂಟು ಗಂಟು. ಜವರಿ ತಟ್ಟೆ ವಾಪಸ್ ತಳ್ಳಿದ್ಲು. ಇನ್ನೊಂದ್ ಸತಿ ತಂದ, ಅದನ್ನೂ ತಳ್ಳಿದ್ಲು. ಗಂಟಿಲ್ದಂಗೆ ಮಾಡೋಗಂಟ ಅವಳು ಜಗಲಿ ಬುಟ್ಟೇಳಲಿಲ್ಲ, ಅವಳು ಏಳೋಗಂಟ ನಾವೂ ಏಳಲಿಲ್ಲ. ಆಮೇಲೆ ಆವಯ್ಯ ಒಂದಿನ ಕೈ ಎತ್ತಿದ್ದು ಇಲ್ಲ."

ಹಬ್ಬ ಹಬ್ಬಕ್ಕೆ ತನ್ನ ಕೈಗೆ ಬೆಲ್ಲದಚ್ಚು ಇಡುವ ದಾಸಪ್ಪಜ್ಜನ ಮುಖ ಧನುಶ್ರೀಯ ಕಣ್ಣ ಮುಂದೆ ಬಂತು. ಅವಳಿಗೆ ನಗಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. ಇದನ್ನು ಪ್ರಬಂಧದಲ್ಲಿ ಬರೆಯಲೇ ಎಂದು ಕೇಳಿದಳು.

"ಬ್ಯಾಡ. ಗಂಡಸರು ಓದ್ಬುಟ್ರೆ?" ಎಂದಳು ಮಾಯಮ್ಮ.

ಲತಾಮಣಿ ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟು, "ಇಷ್ಟು ವರ್ಷ ಆಯ್ತು ಅತ್ತೆ ನಾನು ಬಂದು. ನಂಗ್ಯಾಕೆ ಹೇಳ್ಲಿಲ್ಲ?" ಎಂದಳು.

ಮಾಯಮ್ಮ ಇನ್ನೊಂದು ಕಾಳು ಹಿತುಕಿದಳು. "ನೀನು ಬರೋ ಹೊತ್ಗೆ ಬೇಲಿ ಹಾಕ್ಬುಟ್ಟಿದ್ರು" ಎಂದಳು. ಆಮೇಲೆ, "ಜಗಲೀಲಿ ಕೂರೋರು ಯಾರೂ ಇರ್ನಿಲ್ಲ. ನಾನೂ ಅತ್ತೆ ಆಗ್ಬುಟ್ಟಿದ್ದೆ" ಎಂದಳು.

ಕತ್ತಲಾಗುವ ಮೊದಲು ಅಸ್ರಾಳನ್ನು ಬಸ್ಸಿಗೆ ಬಿಡಲು ಹೋಗುವಾಗ ಧನುಶ್ರೀ ಬಾಗಿಲಲ್ಲಿ ನಿಂತು ಅಜ್ಜಿಗೆ ಒಂದು ಮಾತು ಕೇಳಿದಳು. ಹೊರಗೆ ಎಂಬ ಸುಳ್ಳಿನಿಂದ ಬಿಡುವು ಸಿಕ್ಕಿತು, ಸರಿ. ಜವರಮ್ಮನಿಗೆ ಏಟು ಬಿದ್ದದ್ದೂ ಅದೇ ಸುಳ್ಳಿನಿಂದ ಅಲ್ಲವೇ? ಮಾಯಮ್ಮ ತಲೆಯಾಡಿಸಿದಳು. "ನಿಜ ಕಣವ್ವ. ನಾವು ಅದರ ಮರೇಲಿ ಕೂತ್ವಿ. ಸುಮ್ನೆ ಕೂತಿದ್ದೀನಿ, ಏಳಲ್ಲ ಅಂತ ನಿಜ ಹೇಳೋ ಧೈರ್ಯ ನಮ್ಗೆ ಇರ್ನಿಲ್ಲ." ಒಳಗೆ ಒಲೆ ಹಚ್ಚುತ್ತಿದ್ದ ಲತಾಮಣಿಯ ಕೈಯ ಬೆಂಕಿಕಡ್ಡಿ ಬೆರಳು ಸುಡುವವರೆಗೂ ಉರಿಯಿತು.

ಅಲ್ಲಿಂದ ಮುಂದೆ ಮನೆಯಲ್ಲಿ ಮಾತಿಗೂ ಬಿಡುವಿರಲಿಲ್ಲ. ಕೊನೆಯ ವಾರ ಹುಳು ತಿನ್ನುವ ಸದ್ದು ಶೀಟಿನ ಮೇಲೆ ತುಂತುರು ಬಿದ್ದ ಹಾಗೆ ಕೇಳುತ್ತದೆ. ಮನೋಹರನೂ ಹಗಲೆಲ್ಲ ದುಡಿದ, ಅದನ್ನು ಯಾರೂ ಇಲ್ಲವೆನ್ನುವಂತಿಲ್ಲ. ಆದರೆ ಅವನು ಬಂದು ಕೂತಾಗ ತಟ್ಟೆ ಬರುತ್ತಿತ್ತು, ಲತಾಮಣಿ ಬಂದಾಗ ತಟ್ಟೆಗಳು ತೊಳೆಯಲು ಬಿದ್ದಿರುತ್ತಿದ್ದವು. ಒಂದು ರಾತ್ರಿ ಅವನು ಹುಳುವನ್ನು ಬೆಳಕಿಗೆ ಹಿಡಿದು ನೋಡಿ, ನಾಳೆ ಬೆಳಿಗ್ಗೆ ಹಣ್ಣಾಗುತ್ತವೆ, ದಾಸಪ್ಪನಿಗೂ ಹೇಳಿದ್ದೇನೆ, ಯಾರೂ ಎಲ್ಲೂ ಹೋಗಬೇಡಿ ಎಂದ.

ಬೆಳಿಗ್ಗೆ ಲತಾಮಣಿ ಹಸುವಿಗೆ ಹುಲ್ಲು ಹಾಕಿದಳು, ಮುಖ ತೊಳೆದಳು, ಚಾಪೆ ಎತ್ತಿಕೊಂಡು ಹೋಗಿ ಜಗಲಿಯ ಮೇಲೆ ಹಾಸಿದಳು. ಮೇಲೆ ಕೂತು ಕಾಲು ನೀಡಿದಳು.

ಮನೋಹರ ಚಂದ್ರಿಕೆ ಹೊತ್ತು ಬಂದವನು ನಿಂತ. "ಹೊರಗಾದ್ಯಾ? ಆಗಿದ್ರೂ ಬಾ. ನಮ್ಮನೇಲಿ ಆ ಪದ್ಧತಿ ಇಲ್ವಲ್ಲ."

"ಹೊರಗಾಗಿಲ್ಲ. ಸುಮ್ನೆ ಕೂತಿದ್ದೀನಿ."

"ಹುಳ ಹಣ್ಣಾಗವೆ ಲತಾ."

"ಗೊತ್ತು. ಮೂರು ದಿನ ನಂಗೆ ರಜ. ಇವತ್ತು, ನಾಳೆ, ನಾಳಿದ್ದು. ಮುಂದಿನ ತಿಂಗಳೂ ಮೂರು ದಿನ. ಮುಟ್ಟಾದಾಗ ತಕೊಂತೀನೋ, ಯಾವಾಗ ತಕೊಂತೀನೋ, ಅದು ನನ್ನಿಷ್ಟ."

ಹಬ್ಬವೇ, ಜ್ವರವೇ, ಯಾರಾದರೂ ಏನಾದರೂ ಅಂದರೇ ಎಂದು ಮನೋಹರ ಕೇಳಿದ. ಯಾವುದೂ ಅಲ್ಲ ಎಂದಳು. ಹುಳು ಹಾಳಾದರೆ ಎಂದ. ನೀವಿದ್ದೀರಲ್ಲ ಎಂದಳು. ಅವನು ಚಂದ್ರಿಕೆಯನ್ನು ಇಳಿಸಿ ಸೊಂಟಕ್ಕೆ ಕೈ ಇಟ್ಟ. ಅಷ್ಟರಲ್ಲಿ ಲತಾಮಣಿಯ ಒಂದು ಕೈ ಸೊಂಟಕ್ಕೆ ಹೋಗಿತ್ತು, ಇನ್ನೊಂದು ಕೈ ಗಾಳಿಯನ್ನು ಸವರಿತು. ದನಿ ಮಾತ್ರ ಮನೋಹರನದೇ, ಮೂಗಿನ ಎಳೆತ ಸಮೇತ:

"ಒಸಿ ಅಡ್ಜಸ್ಟ್ ಮಾಡ್ಕೊಳಿ."

ಹಿತ್ತಿಲ ಬಾಗಿಲಲ್ಲಿದ್ದ ಧನುಶ್ರೀ ಚೌಕಟ್ಟು ಹಿಡಿದುಕೊಂಡಳು. ಈ ವಿದ್ಯೆ ತನಗೆ ಎಲ್ಲಿಂದ ಬಂತೆಂದು ಅವಳಿಗೆ ಅಂದು ಗೊತ್ತಾಯಿತು.

ಮನೋಹರ ಅವ್ವನನ್ನು ಕರೆದ. ಮಾಯಮ್ಮ ಕೋಲು ಊರಿಕೊಂಡು ಬಂದಳು, ಸೊಸೆಯನ್ನು ನೋಡಿದಳು, ಮಗನನ್ನು ನೋಡಿದಳು. ನೀನಾದರೂ ಹೇಳವ್ವ ಎಂದ ಮನೋಹರ. ಮಾಯಮ್ಮ ನಿಧಾನಕ್ಕೆ ಹೋಗಿ ಚಾಪೆಯ ಇನ್ನೊಂದು ತುದಿಯಲ್ಲಿ ಕೂತು ಕೋಲನ್ನು ಪಕ್ಕಕ್ಕೆ ಇಟ್ಟಳು.

"ನಾನೂ ಹೊರಗಾಗಿವ್ನಿ ಕಣ್ಲಾ ಮಗ" ಎಂದಳು.

"ಅವ್ವಾ, ನಿಂಗೆ ಎಪ್ಪತ್ತು ದಾಟ್ತು."

"ಅಭ್ಯಾಸ ಬುಟ್ಟೋಗಿತ್ತು. ಈಗ ಬಂತು."

ಹುಳು ಆರಿಸಲು ಬಂದ ದಾಸಪ್ಪ ಬೇಲಿ ಸಂದಿಯಿಂದ ನುಸುಳಿ ಹಿತ್ತಿಲಿಗೆ ಕಾಲಿಟ್ಟ. ಹೊಂಗೆ ಮರದ ಕೆಳಗೆ ಚಾಪೆ, ಚಾಪೆಯ ಮೇಲೆ ಮಾಯಮ್ಮ. ಮುದುಕ ಅಲ್ಲೇ ನಿಂತುಬಿಟ್ಟ, ಹೆಗಲ ಟವೆಲ್ಲು ಕೈಗೆ ಬಂತು. ಮಾಯಮ್ಮ ಅವನನ್ನು ನೋಡಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ದಾಸಪ್ಪ ಮನೋಹರನ ತೋಳು ಹಿಡಿದು ಹುಳು ಮನೆಯ ಮರೆಗೆ ಎಳೆದುಕೊಂಡು ಹೋದ.

"ಬೇಗ ಒಪ್ಕೊಬುಡ್ಲಾ ಮನೋರ. ನಾನು ತಡ ಮಾಡಿ ಕೆಟ್ಟೆ" ಎಂದ.

ಧನುಶ್ರೀ ತಾನೂ ಚಾಪೆಗೆ ಹೋಗಬೇಕೆಂದು ಹೊರಟಿದ್ದಳು. ಲತಾಮಣಿ ತಡೆದಳು. ರಜ ಕೊಡಿಸುತ್ತೇನೆ ಎಂದಾಗ ಹುಳು ನೋಡಿಕೊಳ್ಳುತ್ತೇನೆಂದೂ ಅಪ್ಪನಿಗೆ ಹೇಳಿದ್ದೆಯಲ್ಲ, ಹೋಗು ಎಂದಳು. ಹಾಗೆ ಆ ಬೆಳಿಗ್ಗೆ, ಮನೆಯಲ್ಲಿ ನಿಜವಾಗಿ ಹೊರಗಾಗಿದ್ದ ಒಬ್ಬಳು ಹುಳು ಮನೆಯ ಒಳಗಿದ್ದಳು. ಅಲ್ಲದ ಇಬ್ಬರು ಹೊರಗೆ ಕೂತಿದ್ದರು. ಧನುಶ್ರೀಗೆ ನೋವಿತ್ತು, ನಡುನಡುವೆ ಗೋಡೆಗೆ ಒರಗಿ ನಿಂತಳು. ಅಪ್ಪ ಅದನ್ನು ಗಮನಿಸಿದ. ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡು, ನೀನು ಕೂತು ಆರಿಸಮ್ಮಿ, ಎತ್ತಿ ಇಡೋದು ನಾನು ಮಾಡ್ತೀನಿ ಎಂದ. ದಾಸಪ್ಪ ಹಳದಿಗೆ ತಿರುಗಿದ ಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಟ್ಟ. ಮಧ್ಯಾಹ್ನದ ಹೊತ್ತಿಗೆ ಅರ್ಧ ಕೆಲಸ ಮುಗಿದಿತ್ತು. ಕೆಲವು ಹುಳು ಕಸದಲ್ಲೇ ನೂಲು ಸುತ್ತಿಕೊಂಡವು, ಉಳಿದವು ಮೇಲೇರಿದವು.

ಆಮೇಲೆ ದಾಸಪ್ಪ ಮನೋಹರನನ್ನು ಒಲೆಯ ಮುಂದೆ ನಿಲ್ಲಿಸಿದ. ಅಡುಗೆ ಮನೆಯಿಂದ ಬಹಳ ಹೊತ್ತು ಸದ್ದು ಬಂತು. ಕೋಲನ್ನು ಹಂಗಲ್ಲ ಹಿಂಗೆ ಹಿಡಿ ಎಂಬುದು, ಪಾತ್ರೆ ಜಾರಿದ್ದು, ಯಾರೋ ಬೆರಳು ಬಾಯಿಗಿಟ್ಟುಕೊಂಡದ್ದು. ಜಗಲಿಯ ಮೇಲೆ ಲತಾಮಣಿ ವಾರಪತ್ರಿಕೆ ಓದುತ್ತಿದ್ದಳು. ಮಾಯಮ್ಮ ಅರೆಗಣ್ಣು ಮುಚ್ಚಿ ಆ ಸದ್ದನ್ನು ಹಾಡಿನಂತೆ ಕೇಳುತ್ತಿದ್ದಳು.

ಮನೋಹರ ಎರಡು ತಟ್ಟೆ ಹಿಡಿದು ಬಂದ. ದಾಸಪ್ಪ ಹಿಂದೆ ನಿಂತ. ಮಾಯಮ್ಮ ಬೆರಳಿನಿಂದ ಮುದ್ದೆ ಒತ್ತಿ ನೋಡಿ, ಗಂಟೈತೆ ಎಂದಳು. ಲತಾಮಣಿಯ ತುತ್ತಿನಲ್ಲೂ ಒಂದು ಗಂಟು ಸಿಕ್ಕಿತು. ಒಡೆದಾಗ ಒಳಗೆ ಬೇಯದ ಹಿಟ್ಟು ಕಂಡಿತು. ತಟ್ಟೆ ಹಿಂದಕ್ಕೆ ಬರುತ್ತದೆ ಎಂದು ಮನೋಹರ ಕೈ ಚಾಚಿಕೊಂಡೇ ನಿಂತಿದ್ದ. ಆ ಕಥೆಯನ್ನು ಒಲೆ ಮುಂದೆ ದಾಸಪ್ಪ ಅವನಿಗೆ ಹೇಳಿಯಾಗಿತ್ತು.

ಲತಾಮಣಿ ಗಂಟನ್ನು ತೆಗೆದು ತಟ್ಟೆಯ ಅಂಚಿಗೆ ಇಟ್ಟಳು.

"ನಾಳೆ ನೀರು ಚೆನ್ನಾಗಿ ಮರಳ್ಲಿ. ಆಮೇಲೆ ಹಿಟ್ಟು ಬುಡಿ" ಎಂದಳು.

"ನಾಳೇನೂ ನಾನೇನಾ?" ಎಂದ ಮನೋಹರ.

"ನಾಳಿದ್ದೂ" ಎಂದ ದಾಸಪ್ಪ.

ಲತಾಮಣಿ ಆಗಲೇ ಇನ್ನೊಂದು ತುತ್ತು ಮುರಿದು ಸಾರಿಗೆ ಅದ್ದಿದ್ದಳು. ಸುಡುವಷ್ಟು ಬಿಸಿಯಿತ್ತು. ಬೆರಳುಗಳನ್ನು ಊದಿಕೊಂಡು, ಕಾಲನ್ನು ಇನ್ನೂ ಸ್ವಲ್ಪ ಮುಂದಕ್ಕೆ ನೀಡಿ, ತಿನ್ನತೊಡಗಿದಳು.